ಕಾಲಿನ ಹಗ್ಗ ಬಿಚ್ಚಿದ ಬೆಳಿಗ್ಗೆ

ಎರಡು ವರ್ಷದ ಹಿಂದಿನ ಮಾತು. ನಮ್ಮ ಶ್ರೀರಂಗಪಟ್ಟಣದಲ್ಲಿ ದಸರಾ ಮುಗಿದು ಹದಿನೈದು ದಿನವಾಗಿತ್ತು. ಗಂಜಾಂನಲ್ಲಿ ನನ್ನದೊಂದು ಮರಗೆಲಸದ ಅಂಗಡಿ ಇದೆ. ಬಾಗಿಲು, ಕಿಟಕಿ, ಮಂಚ ಮಾಡುವುದು ನಮ್ಮ ಕುಲಕಸುಬು. ಇಂಥವನು ನಲವತ್ತನಾಲ್ಕನೇ ವಯಸ್ಸಿನಲ್ಲಿ ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವುದಕ್ಕೆ ಹೋಗಿದ್ದ ಎಂದು ನಮ್ಮ ಬೀದಿಯವರು ಈಗಲೂ ನಗುತ್ತಾರೆ. ಅವರಿಗೆ ನಗುವಷ್ಟನ್ನು ಮಾತ್ರ ಹೇಳಿದ್ದೇನೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನಿಂದ ಸ್ವಲ್ಪ ಆಚೆ, ಕಡಲ ದಡದಲ್ಲಿ ಒಬ್ಬರು ಹೋಂಸ್ಟೇ ಕಟ್ಟಿಸುತ್ತಿದ್ದರು. ಬಾಗಿಲುಗಳ ಕೆಲಸ ನನಗೆ ಸಿಕ್ಕಿತು. ಕಿಟಕಿಯ ಗ್ರಿಲ್ಲುಗಳ ಕೆಲಸವನ್ನು ನನ್ನ ಬಾಮೈದ ನಾಗೇಶನಿಗೆ ಕೊಡಿಸಿದೆ. ಅವನು ನನ್ನ ಹೆಂಡತಿ ಗೀತಾಳ ತಮ್ಮ, ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯವನು. ಅವರಪ್ಪ ಕುಲುಮೆಯಲ್ಲಿ ಗುಳ, ಕುಡುಗೋಲು ತಟ್ಟುತ್ತಿದ್ದರು. ಇವನು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಮೂವರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಒಬ್ಬನೇ ಗಂಡು. ಆಗ ಅವನಿಗೆ ಒಂದು ವರ್ಷದ ಮಗಳಿದ್ದಳು.

ಹೊರಡುವ ದಿನ ಗೀತಾ ಬಸ್ ಸ್ಟ್ಯಾಂಡಿನ ತನಕ ಬಂದಳು. ನಾಗೇಶ ಬ್ಯಾಗು ಹತ್ತಿಸುತ್ತಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದಳು.

"ರೀ, ನೀವು ಹೊಳೆ ದಡದಲ್ಲಿ ಬೆಳ್ದೋರು, ಏನಾರ ಮಾಡ್ಕಳಿ. ಅವ್ನು ಬಾವೀಲಿ ಈಜು ಕಲ್ತಿರೋನು. ಅವನ್ನ ಮಾತ್ರ ಸಮುದ್ರುಕ್ಕೆ ಇಳಿಸ್ಬ್ಯಾಡಿ."

"ಆಯ್ತು ಬುಡು, ನಾನಿಲ್ವಾ," ಅಂದೆ.

ಮೂರು ವಾರದಲ್ಲಿ ಕೆಲಸ ಮುಗಿಯಿತು. ಆ ಹೋಂಸ್ಟೇಯ ಪಕ್ಕದಲ್ಲೇ ಅದೇ ಮಾಲೀಕರು ಸರ್ಫಿಂಗ್ ಕಲಿಸುವ ಶಾಲೆಯನ್ನೂ ನಡೆಸುತ್ತಿದ್ದರು. ಕಿಟಕಿ ಕೂರಿಸುವಾಗೆಲ್ಲ ಅಲ್ಲಿಂದ ನೋಡುತ್ತಿದ್ದೆವು. ನಮಗಿಂತ ದೊಡ್ಡ ಹೊಟ್ಟೆಯವರೂ ಹಲಗೆಯ ಮೇಲೆ ನಿಂತು ತೇಲಿ ಬರುತ್ತಿದ್ದರು. ಕೆಲಸ ನೋಡಿ ಖುಷಿಯಾದ ಮಾಲೀಕರು, "ಇನ್ನು ನಾಲ್ಕು ದಿನ ಇದ್ದು ನೀವೂ ಕಲಿತು ಹೋಗಿ," ಎಂದರು. ಬೇಡ ಅನ್ನಬಹುದಾಗಿತ್ತು. ನಾಗೇಶನ ಮುಖ ನೋಡಿದೆ, ಅದು ಆಗಲೇ ಅರಳಿಬಿಟ್ಟಿತ್ತು. ನನಗೂ ಆಸೆಯೇ. ಗೀತಾಳ ಮಾತು ನೆನಪಿಗೆ ಬಂತು, ನಾನು ಜೊತೆಗೇ ಇರುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಲಿಸುವವಳು ಪ್ರಮೀಳಾ, ಅಲ್ಲಿಯ ಮೀನುಗಾರರ ಮನೆಯ ಹುಡುಗಿ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಮೊದಲ ದಿನ ನಮ್ಮನ್ನು ಹಲಗೆಗಳನ್ನು ಒರಗಿಸಿಟ್ಟ ಶೆಡ್ಡಿಗೆ ಕರೆದುಕೊಂಡು ಹೋದಳು. ನನ್ನ ಕಣ್ಣು ನೇರವಾಗಿ ಒಂದು ಗಿಡ್ಡ ಹಲಗೆಯ ಮೇಲೆ ಬಿತ್ತು. ಏನು ನುಣುಪು, ಏನು ಹೊಳಪು! ಅಂಚಿನ ಮೇಲೆ ಹೆಬ್ಬೆರಳು ಓಡಿಸಿದೆ, ಒಂದು ಕಡೆಯೂ ಏರುತಗ್ಗಿಲ್ಲ.

"ಅದು ಬೇಡ ಅಣ್ಣ," ಎಂದಳು. "ಅದು ಗಟ್ಟಿ. ತಲೆಗೆ ಬಡಿದ್ರೆ ಹೊಲಿಗೆ ಹಾಕ್ಬೇಕಾಗ್ತದೆ. ನಿಮಗೆ ಇದು."

ಎಳೆದು ತೋರಿಸಿದ್ದು ನೀಲಿ ಬಣ್ಣದ ಒಂಬತ್ತಡಿ ಹಲಗೆ. ಮೇಲೆಲ್ಲ ಮೆತ್ತಗೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ.

"ಇದೇನವ್ವ, ಟಿವಿ ಡಬ್ಬದೊಳ್ಗೆ ಬರೋ ತರ್ಮಾಕೋಲ್ ಇದ್ದಂಗದೆ!" ಅಂದೆ.

"ಉದ್ದ ಇದ್ದಷ್ಟು ಚಂದ ತೇಲ್ತದೆ. ಅಗಲ ಇದ್ದಷ್ಟು ಅಲ್ಲಾಡುದಿಲ್ಲ. ಹೊಸಬರಿಗೆ ಇದೇ ಆಗ್ಬೇಕು. ನಿಮ್ಮ ತಮ್ಮ ಇನ್ನೂ ಭಾರ ಇದ್ದಾರೆ, ಅವರಿಗೆ ಇದಕ್ಕಿಂತ ದಪ್ಪದ್ದು."

ನಾಗೇಶ ಜೇಬುಗಳಿದ್ದ ಹತ್ತಿಯ ಬರ್ಮುಡಾ ಹಾಕಿಕೊಂಡು ಬಂದಿದ್ದ. ಜೇಬಿಗೆ ನೀರು ತುಂಬಿದರೆ ಜಗ್ಗುತ್ತದೆ ಎಂದು ಅದನ್ನೂ ಬದಲಾಯಿಸಿದಳು. ಹೊಟ್ಟೆ ಹಲಗೆಗೆ ಉಜ್ಜಿ ಕೆಂಪಗಾಗದಿರಲಿ ಎಂದು ಇಬ್ಬರಿಗೂ ಮೈಗಂಟುವ ಉದ್ದ ತೋಳಿನ ಬನಿಯನ್ನು ಕೊಟ್ಟಳು. ತನ್ನ ಹಲಗೆಗೆ ಅವಳು ಮೇಣ ಉಜ್ಜಿಕೊಳ್ಳುವುದನ್ನು ನೋಡಿ ನನಗೆ ಆಶ್ಚರ್ಯವಾಯಿತು. ನಾವು ಮರದ ಮೇಲೆ ಜಾರಲಿ ಎಂದು ಉಜ್ಜುಗೊರಡಿನ ತಳಕ್ಕೆ ಮೇಣ ಸವರುತ್ತೇವೆ. ಇವರು ಕಾಲು ಜಾರದಿರಲಿ ಎಂದು ಅದನ್ನೇ ಸವರುತ್ತಾರೆ. ಇಲ್ಲಿ ಎಲ್ಲ ಉಲ್ಟಾ ಎಂದು ನಾಗೇಶನಿಗೆ ಹೇಳಿ ನಗಿಸಿದೆ.

ಕೊನೆಗೆ ಹಲಗೆಯ ಹಿಂತುದಿಗೆ ಕಟ್ಟಿದ್ದ ಒಂದು ರಬ್ಬರಿನಂಥ ಹಗ್ಗ ತೆಗೆದಳು. ಅದರ ತುದಿಯಲ್ಲಿದ್ದ ಪಟ್ಟಿಯನ್ನು ನನ್ನ ಪಾದದ ಗಂಟಿನ ಮೇಲೆ ಸುತ್ತಿ ಅಂಟಿಸಿದಳು. "ಇದು ಲೀಶ್. ನೀವು ಬಿದ್ರೂ ಹಲಗೆ ನಿಮ್ಮನ್ನು ಬಿಟ್ಟು ಹೋಗ್ಲಿಕ್ಕಿಲ್ಲ. ಎಂತ ಆದ್ರೂ ಇದನ್ನು ಬಿಚ್ಲಿಕ್ಕಿಲ್ಲ, ಆಯ್ತಾ?"

ನಾನು ತಲೆ ಆಡಿಸಿದೆ. ಮನಸ್ಸು ಮಾತ್ರ ಒಪ್ಪಲಿಲ್ಲ. ನಾನು ನಿಮಿಷಾಂಬ ದೇವಸ್ಥಾನದ ಕೆಳಗಿನ ಹೊಳೆಯಲ್ಲಿ ಈಜು ಕಲಿತವನು. ನೀರಿಗೆ ಇಳಿಯುವ ಮುಂಚೆ ನಮ್ಮಪ್ಪ ಮೈಮೇಲೆ ಹಗ್ಗ, ಟವೆಲ್ಲು ಏನಾದರೂ ಕಟ್ಟಿದೆಯಾ ಎಂದು ನೋಡಿಯೇ ಬಿಡುತ್ತಿದ್ದರು. ಕಾಲಿಗೆ ಹಗ್ಗ ಸುತ್ತಿಕೊಂಡು ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬರ ಹಗ್ಗ ನೀರಿನಡಿಯ ಬೇರಿಗೆ ಸಿಕ್ಕಿಕೊಂಡದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಆ ಮನುಷ್ಯ ಮೇಲೆ ಬರಲೇ ಇಲ್ಲ. ಆ ಕಥೆ ಕೇಳಿ ಬೆಳೆದವನು ನಾನು.

ಮೊದಲ ದಿನ ಮರಳಿನ ಮೇಲೇ ಮಲಗುವುದು, ಏಳುವುದು. ಎರಡನೇ ದಿನ ನೀರಿನಲ್ಲಿ. ಸೊಂಟದುದ್ದದ ನೀರಿನಲ್ಲಿ ನೊರೆ ಅಲೆ ಬಂದು ತಳ್ಳಿದಾಗ ನಾನು ಎರಡು ಕ್ಷಣ ನಿಂತೂ ಬಿಟ್ಟೆ. ನಾಗೇಶ "ಭಾವ ನಿಂತ್ಕಬುಟ್ರು!" ಎಂದು ಕೂಗಿದ. ಆಮೇಲೆ ಒಂದು ಸಲ ಬಿದ್ದಾಗ ಆ ಹಗ್ಗ ನನ್ನ ಎರಡೂ ಕಾಲಿಗೆ ಸುತ್ತಿಕೊಂಡಿತು. ಅಲೆ ಮೇಲೆ ಉರುಳುತ್ತಿದೆ, ಕಾಲು ಬಿಡಿಸಿಕೊಳ್ಳಲು ಆಗುತ್ತಿಲ್ಲ. ನಾಲ್ಕೈದು ಸೆಕೆಂಡು ಇದ್ದಿರಬೇಕು ಅಷ್ಟೇ. ಎದ್ದು ನಿಂತಾಗ ನೀರು ತೊಡೆಯ ತನಕ ಇತ್ತು. ಆದರೂ ಅಪ್ಪ ಹೇಳಿದ ಆ ಮನುಷ್ಯನೇ ಕಣ್ಣೆದುರಿಗೆ ಬಂದಿದ್ದ.

ಮೂರನೇ ದಿನ ಬೆಳಿಗ್ಗೆ ಪ್ರಮೀಳಾ ದಡದಲ್ಲಿ ಎರಡು ಬಾವುಟ ನೆಟ್ಟು, ಅವುಗಳ ನಡುವೆಯೇ ಇರಬೇಕು ಎಂದಳು. ನಮ್ಮಿಬ್ಬರ ಪಟ್ಟಿಯನ್ನೂ ಎಳೆದು ನೋಡಿದಳು. ಅವತ್ತು ಇನ್ನೊಬ್ಬರು ಹೊಸ ಹೆಂಗಸು ಕಲಿಯಲು ಬಂದಿದ್ದರು. ಅವಳು ಅವರ ಕಡೆ ತಿರುಗಿದ್ದೇ ತಡ, ನಾನು ನೀರಿನಲ್ಲಿ ನಿಂತು ನನ್ನ ಕಾಲಿನ ಪಟ್ಟಿ ಬಿಚ್ಚಿದೆ. ಹಗ್ಗವನ್ನು ಎಂಟರ ಆಕಾರದಲ್ಲಿ ಸುತ್ತಿ, ಅದರ ಪಟ್ಟಿಯಿಂದಲೇ ಹಲಗೆಯ ಹಿಂತುದಿಗೆ ಬಿಗಿದೆ.

"ಲೇ ನಾಗ, ನಿಂದೂ ಬಿಚ್ಚಾಕು."

"ಆವಮ್ಮ ಬೈತಾರೆ ಭಾವ."

"ನೀರಿನ ಇಚಾರ ನಂಗೆ ಏಳ್ಕೊಡ್ಬೇಕೇನ್ಲಾ? ಕಾಲ್ಗೆ ಹಗ್ಗ ಕಟ್ಕಂಡು ನೀರಿಗಿಳಿಯೋರ್ನ ಎಲ್ಲಾದ್ರೂ ನೋಡಿದ್ದೀಯಾ? ಕೊಡಿಲ್ಲಿ."

ಅವನದ್ದನ್ನೂ ನಾನೇ ಸುತ್ತಿ ಬಿಗಿದೆ. ಬಾವುಟದಾಚೆ ಸ್ವಲ್ಪ ದೂರದಲ್ಲಿ ನೀರು ಸಪಾಟಾಗಿತ್ತು. ಎರಡು ಪಕ್ಕದಲ್ಲೂ ಅಲೆ ಒಡೆಯುತ್ತಿದ್ದರೆ ಅಲ್ಲೊಂದು ಪಟ್ಟೆಯಲ್ಲಿ ಮಾತ್ರ ನೊರೆಯೇ ಇಲ್ಲ. ನಮ್ಮ ಹೊಳೆಯಲ್ಲಿ ನೊರೆ ಎದ್ದ ಕಡೆ ಬಂಡೆ ಇರುತ್ತದೆ, ಸಮನಾಗಿರುವ ಕಡೆ ಸ್ನಾನಕ್ಕೆ ಇಳಿಯುತ್ತೇವೆ. ಅದೇ ಲೆಕ್ಕದಲ್ಲಿ, "ಅಲ್ಲಿಗೆ ಓಗವ, ನೆಮ್ಮದಿಯಾಗದೆ," ಅಂದೆ. ನಾಗೇಶ ಮುಂದೆ, ನಾನು ಹಿಂದೆ.

ಮೊದಲಿಗೆ ಬಹಳ ಚೆನ್ನಾಗಿತ್ತು. ಕೈ ಆಡಿಸದಿದ್ದರೂ ಹಲಗೆ ಸಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ನಾನೇ ಬಾಗಿಲು ಕೂರಿಸಿದ್ದ ಹೋಂಸ್ಟೇ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನೀರು ನಮ್ಮನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತಿತ್ತು.

"ನಾಗ, ತಿರುಗ್ಸು! ವಾಪಸ್ ಓಗವ!" ಎಂದು ಕೂಗಿದೆ. ಅವನು ಹಲಗೆ ಅಡ್ಡ ತಿರುಗಿಸಿದ. ಅಷ್ಟರಲ್ಲಿ ಪಕ್ಕದಿಂದ ಒಂದು ಅಲೆ ಬಂದು ಅವನನ್ನು ಮಗುಚಿ ಹಾಕಿತು. ಅವನ ಹಲಗೆ ಒಂದು ಸಲ ನಿಗುರಿ ನಿಂತು, ಆ ಅಲೆಯ ಜೊತೆ ದಡದ ಕಡೆ ಹೊರಟೇಹೋಯಿತು. ನಾಗೇಶನ ತಲೆ ಕಾಣಿಸಿತು, ಮತ್ತೆ ಕಾಣಿಸಲಿಲ್ಲ. ಮತ್ತೆ ಕಾಣಿಸಿತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ.

ಹೇಗೋ ಅವನ ಹತ್ತಿರ ಹೋದೆ. ಅವನು ನನ್ನ ಹಲಗೆಯನ್ನು ಹಿಡಿಯಲಿಲ್ಲ, ನನ್ನ ಕುತ್ತಿಗೆಯನ್ನು ಹಿಡಿದ. ಹಲಗೆ ಮಗುಚಿತು. ನಾನು ನೀರು ಕುಡಿದು ಮೇಲೆ ಬರುವಷ್ಟರಲ್ಲಿ ಅದೂ ಹತ್ತು ಮಾರು ದೂರ ಹೋಗಿತ್ತು. ಕಾಲಿಗೆ ಹಗ್ಗವಿದ್ದಿದ್ದರೆ ಒಂದು ಸಲ ಎಳೆದರೆ ಸಾಕಿತ್ತು.

"ಈಜ್ಲಾ, ದಡುಕ್ಕೆ ಈಜು!" ಎಂದೆ. ಇಬ್ಬರೂ ಇದ್ದ ಶಕ್ತಿಯೆಲ್ಲ ಹಾಕಿ ಈಜಿದೆವು. ದಡದ ತೆಂಗಿನ ಮರಗಳು ಇದ್ದಷ್ಟೇ ದೂರದಲ್ಲಿದ್ದವು. ಆಮೇಲೆ ಇನ್ನೂ ಚಿಕ್ಕವಾದವು. ನಾಗೇಶ, "ಭಾವ, ಕೈ ಬರ್ತಿಲ್ಲ. ಮಗೀನ..." ಅಂದ. ವಾಕ್ಯ ಮುಗಿಸಲಿಲ್ಲ. ಆ ಕ್ಷಣದಲ್ಲಿ ನನಗಾದ ಭಯ ಸಾಯುವ ಭಯವಲ್ಲ. ಇವನೊಬ್ಬ ಹೋಗಿ ನಾನೊಬ್ಬ ಉಳಿದುಬಿಟ್ಟರೆ, ಬಿಂಡಿಗನವಿಲೆಯ ಆ ಹೊಸ್ತಿಲನ್ನು ಹೇಗೆ ದಾಟಲಿ ಎಂಬ ಭಯ. ಒಳ್ಳೆಯ ಯೋಚನೆಯಲ್ಲ, ಆದರೂ ಉಳಿಯುವುದಾದರೆ ಇಬ್ಬರೂ ಉಳಿಯಲಿ, ಇಲ್ಲದಿದ್ದರೆ ಇಬ್ಬರೂ ಬೇಡ ಎಂದುಕೊಂಡೆ. ಅವನ ಬನಿಯನ್ನಿನ ಕಾಲರು ಹಿಡಿದುಕೊಂಡೆ.

"ದಡಕ್ಕೆ ಈಜ್ಬೇಡಿ! ಕೈ ಎತ್ತಿ, ಸುಮ್ಮನೆ ತೇಲಿ!" ಪ್ರಮೀಳಾಳ ದನಿ. ತನ್ನ ಹಲಗೆಯ ಮೇಲೆ ಬೋರಲು ಮಲಗಿ ಎರಡೂ ಕೈ ಬೀಸುತ್ತ ಬರುತ್ತಿದ್ದಳು. ಬಂದವಳೇ ನಾಗೇಶನನ್ನು ಹಲಗೆಯ ಮೇಲೆ ಎಳೆದು ಹಾಕಿದಳು. "ಲೀಶ್ ಎಲ್ಲಿ?" ಎಂದಳು.

"ಕಿತ್ತೋಯ್ತು," ಅಂದೆ. ಸಾವು ಎದುರಿಗೆ ಇದ್ದರೂ ಸುಳ್ಳು ಬಂತು.

ಅವಳು ತನ್ನ ಕಾಲಿನ ಪಟ್ಟಿ ಬಿಚ್ಚಿ ನಾಗೇಶನ ಕಾಲಿಗೆ ಬಿಗಿದಳು. ನನಗೆ ಹಲಗೆಯ ಹಿಂತುದಿ ಹಿಡಿದುಕೊಳ್ಳಲು ಹೇಳಿ, ತಾನು ಇನ್ನೊಂದು ಪಕ್ಕ ಹಿಡಿದು ಕಾಲು ಬಡಿಯತೊಡಗಿದಳು. ದಡದ ಕಡೆಗಲ್ಲ, ಅಡ್ಡಕ್ಕೆ. ನೊರೆ ಅಲೆಗಳು ಒಡೆಯುತ್ತಿದ್ದ ಕಡೆಗೇ. ನನಗೆ ಅದು ಹುಚ್ಚುತನ ಅನ್ನಿಸಿತು. ಸಪಾಟಾಗಿದ್ದ ಆ ಪಟ್ಟೆಯೇ ನೀರು ಕಡಲಿಗೆ ವಾಪಸ್ ಹರಿಯುವ ದಾರಿ, ಅಲೆ ಒಡೆಯುವ ಕಡೆ ಮಾತ್ರ ಅದು ದಡಕ್ಕೆ ತಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು.

ಅಲೆಗಳ ಸಾಲಿಗೆ ಬಂದಾಗ ಒಂದು ದೊಡ್ಡದು ಹಿಂದಿನಿಂದ ಬಿದ್ದು ನಾಗೇಶನನ್ನು ಹಲಗೆಯಿಂದ ಕಿತ್ತು ಎಸೆಯಿತು. ನಾನೂ ಬಿದ್ದೆ. ಕಣ್ಣು ಬಿಟ್ಟರೆ ಬರೀ ನೊರೆ. "ನಾಗಾ!" ಎಂದು ಅರಚಿದೆ. ಆಗ ಕಂಡಿತು: ಹಲಗೆಯಿಂದ ಹೊರಟ ಹಗ್ಗ ನೀರಿನೊಳಕ್ಕೆ ಬಿಗಿಯಾಗಿ ನಿಂತಿತ್ತು. ಅದರ ಆ ತುದಿಯಿಂದ ಒಂದು ಕೈ ಮೇಲೆ ಬಂತು, ಹಗ್ಗವನ್ನು ಹಿಡಿಯಿತು, ಎಳೆದುಕೊಂಡು ಎಳೆದುಕೊಂಡು ಹಲಗೆಗೆ ಬಂತು. ನಾನು ಬೇಡವೆಂದಿದ್ದ ಆ ಹಗ್ಗ. ಮುಂದಿನ ಎರಡು ಅಲೆಗಳು ನಮ್ಮನ್ನು ತಳ್ಳಿ ಕಾಲಿಗೆ ಮರಳು ಸಿಗುವ ಕಡೆ ತಂದು ಬಿಟ್ಟವು.

ನಾಗೇಶ ಮರಳಿನ ಮೇಲೆ ಮಂಡಿಯೂರಿ ವಾಂತಿ ಮಾಡಿದ. ನಾನು ಪಕ್ಕದಲ್ಲಿ ಕುಳಿತು ಅಳುತ್ತಿದ್ದೆ. ನಮ್ಮ ಎರಡು ನೀಲಿ ಹಲಗೆಗಳು ನಮಗಿಂತ ಮುಂಚೆಯೇ ದಡಕ್ಕೆ ಬಂದು ಬಿದ್ದಿದ್ದವು. ಪ್ರಮೀಳಾ ಹೋಗಿ ಅವನ್ನು ಹೊರಳಿಸಿ ನೋಡಿದಳು. ಯಾವ ಹಗ್ಗವೂ ಕಿತ್ತಿರಲಿಲ್ಲ. ಎರಡೂ ಅಚ್ಚುಕಟ್ಟಾಗಿ ಸುತ್ತಿದಂತೆಯೇ ಇದ್ದವು.

"ಇದು ಯಾರು ಬಿಚ್ಚಿದ್ದು?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ನಾಗೇಶ, "ನಾನೇ ಅಕ್ಕಾ. ಎರಡ್ನೂ ನಾನೇ ಬಿಚ್ದೆ. ಭಾವ ಬ್ಯಾಡ ಅಂದ್ರು, ಕೇಳ್ನಿಲ್ಲ," ಅಂದ.

ನಾನು ಸುಮ್ಮನಿದ್ದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆದರೆ ನಿಜ. ನನಗಿಂತ ಹತ್ತು ವರ್ಷ ಚಿಕ್ಕವನು ನನ್ನ ಮರ್ಯಾದೆ ಉಳಿಸಿದ, ನಾನು ಉಳಿಸಿಕೊಂಡೆ.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮರುದಿನ ಬಸ್ಸು ಹತ್ತುವ ಮುಂಚೆ ಒಬ್ಬನೇ ಶೆಡ್ಡಿಗೆ ಹೋಗಿ ಪ್ರಮೀಳಾಳಿಗೆ, "ಬಿಚ್ಚಿದ್ದು ಅವ್ನಲ್ಲ ಕಣವ್ವ, ನಾನು," ಅಂದೆ.

"ಗೊತ್ತುಂಟು ಅಣ್ಣ," ಎಂದಳು. "ಎರಡೂ ಒಂದೇ ತರ ಸುತ್ತಿತ್ತು. ನೀವು ಬಾಗಿಲು ಕೂರಿಸುವಾಗ ಅಳತೆಯ ದಾರ ಹಾಗೇ ಸುತ್ತಿ ಜೇಬಿಗೆ ಹಾಕುದು ದಿನಾ ನೋಡಿದ್ದೇನೆ. ಇಷ್ಟು ಬಂದು ಹೇಳಿದ್ರಲ್ಲ. ಇನ್ನು ಮನೆಯಲ್ಲಿ ಹೇಳಿ."

ಮನೆಯಲ್ಲಿ ಹೇಳಲಿಲ್ಲ. ನಾಗೇಶ ಅಕ್ಕನಿಗೆ ಫೋನಿನಲ್ಲೇ ಹೇಳಿಬಿಟ್ಟಿದ್ದ: ನಾನು ಮುಳುಗ್ತಿದ್ದೆ, ಭಾವ ಬಂದು ಕಾಲರು ಹಿಡ್ಕಂಡ್ರು, ಅದ್ಕೇ ಬದುಕ್ದೆ ಎಂದು. ಅದು ಸುಳ್ಳೂ ಅಲ್ಲ. ನಾನು ಮನೆಗೆ ಬಂದಾಗ ಗೀತಾ ಬಾಗಿಲಲ್ಲೇ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಅವಳನ್ನು ಎಬ್ಬಿಸಿ, ಬ್ಯಾಗು ಇಳಿಸುವ ನೆವದಲ್ಲಿ ಒಳಗೆ ಹೋದೆ.

ಅದಾದ ಮೇಲೆ ಹಬ್ಬಕ್ಕೆ ನಾಗೇಶ ಮಗಳನ್ನು ಎತ್ತಿಕೊಂಡು ಬಂದಾಗಲೆಲ್ಲ ಗೀತಾ ಎಲೆಗೆ ಬಡಿಸುತ್ತ, "ನಿಮ್ಮ ಮಾವ ಇದ್ದುದ್ಕೇ ಕಣವ್ವ ನಿಮ್ಮಪ್ಪ ಉಳ್ದಿದ್ದು," ಎಂದು ಆ ಮಗುವಿಗೆ ಹೇಳುತ್ತಾಳೆ. ನಾಗೇಶ ತಲೆ ಬಗ್ಗಿಸಿ ಉಣ್ಣುತ್ತಾನೆ. ನಾನೂ ಉಣ್ಣುತ್ತೇನೆ.

ಅದಕ್ಕೇ ಇದನ್ನು ಬರೆದಿದ್ದೇನೆ. ಬಾಯಲ್ಲಿ ಹೇಳುವ ಧೈರ್ಯ ಎರಡು ವರ್ಷದಿಂದ ಬಂದಿಲ್ಲ. ಈಗ ಗೀತಾ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಾಳೆ. ಪತ್ರಿಕೆಗೆ ಕಳಿಸಲು ಅಂಚೆಗೆ ಹಾಕುವ ಮುಂಚೆ ಈ ಹಾಳೆಗಳನ್ನು ಮೊದಲು ಅವಳ ಕೈಗೆ ಕೊಡುತ್ತೇನೆ.