ಗೆದ್ದದ್ದು ಕುದುರೆಯೋ ಎತ್ತೋ

ನಮ್ಮ ಕಡೆಯ ಗಾಡಿ ಓಟದ ಶರ್ಯತ್ತಿನಲ್ಲಿ ಒಂದೇ ನೊಗಕ್ಕೆ ಒಂದು ಕುದುರೆಯನ್ನೂ ಒಂದು ಎತ್ತನ್ನೂ ಹೂಡುತ್ತಿದ್ದರು. ಮುಂದೆ ಧಾರವಾಡದಲ್ಲಿ ನನ್ನ ಜೊತೆ ಎಂ.ಎ. ಓದಿದವರು ಇದನ್ನು ನಂಬಲಿಲ್ಲ. ನಾನೂ ಒತ್ತಾಯಿಸಿ ಹೇಳಲಿಲ್ಲ. ದೀಪಾವಳಿಯಿಂದ ಯುಗಾದಿಯವರೆಗೆ ಅಥಣಿ, ಕಾಗವಾಡ, ರಾಯಬಾಗ ಎಂದು ಊರೂರಲ್ಲಿ ಗಾಡಿಗಳು ಓಡುತ್ತಿದ್ದವು. ಯುಗಾದಿ ಆದ ಮೇಲೆ ಐದು ಮಂದಿ ಹಿರಿಯರು ಚಿಕ್ಕೋಡಿಯಲ್ಲಿ ಕೂಡಿ ‘ವರ್ಷದ ಕುದುರೆ’ಯನ್ನು ಆರಿಸಿ, ಅದರ ಕೊರಳಿಗೆ ಒಂದು ಕೆಂಪು ರುಮಾಲು ಕಟ್ಟುತ್ತಿದ್ದರು. ಎತ್ತಿಗೆ ಏನೂ ಇರಲಿಲ್ಲ. ಯಾಕೆ ಎಂದು ಆ ವರ್ಷದವರೆಗೆ ಯಾರೂ ಕೇಳಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಭೋಜದ ಹತ್ತಿರ ನಮ್ಮ ಮನೆ. ಅಪ್ಪನ ಹತ್ತಿರ ಒಂದು ಬಿಳಿ ಹೆಣ್ಣು ಕುದುರೆ ಇತ್ತು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಅದರ ಮೈ ತಿಕ್ಕುವುದು ನನ್ನ ಕೆಲಸ. ಮನೆಯಲ್ಲಿ ನಾನು ಯಾರ ಹತ್ತಿರವೂ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಅದರ ಜೋಡಿಗೆ ಓಡುವ ಎತ್ತು ನಮ್ಮಲ್ಲಿರಲಿಲ್ಲ. ಏಕಸಂಬಿಯ ಮಾಮಾ, ಅಂದರೆ ಅವ್ವನ ತಮ್ಮ, ತನ್ನ ಎತ್ತನ್ನು ಕೊಟ್ಟಿದ್ದ. ಸಂಕ್ರಾಂತಿಯ ಒಳಗೆ ನಮ್ಮ ಕುದುರೆ ನಾಲ್ಕು ಸಲ ಮೊದಲು ಬಂತು. ಆಮೇಲೆ ಮಾಮಾ ತಾನೇ ಒಂದು ಕಂದು ಕುದುರೆ ತಂದು, ಎತ್ತನ್ನು ತಿರುಗಿ ಒಯ್ದ. ಅವನ ಕುದುರೆಯೂ ನಾಲ್ಕು ಸಲ ಮೊದಲು ಬಂತು. ನಮ್ಮ ಕುದುರೆ, ಮನೆಯ ನೇಗಿಲಿನ ಎತ್ತಿನ ಜೊತೆ, ಮೂರನೆಯದಕ್ಕಿಂತ ಮೇಲೆ ಏರಲಿಲ್ಲ.

ಯುಗಾದಿಗೆ ಮಾಮಾ ಊಟಕ್ಕೆ ಬಂದಿದ್ದ.

“ಈ ಸಲ ರುಮಾಲು ಏಕಸಂಬಿಗೆ ಬರತೈತಿ, ದಾಜಿ,” ಎಂದ ಅಕ್ಕನ ಗಂಡನಿಗೆ, ಹೋಳಿಗೆ ಮುರಿಯುತ್ತ.

ಅಪ್ಪ ಅವ್ವನ ಕಡೆ ನೋಡಿ, “ನಿನ್ನ ತಮ್ಮ ಮೊನ್ನೆ ಮೊನ್ನೆ ಕುದರಿ ಹಿಡಿಯೂದು ಕಲತಾನ. ಈಗ ರುಮಾಲು ಬೇಕಂತ ಅವಂಗ,” ಎಂದ.

“ನಿಮ್ಮ ಕುದರಿ ಸಂಕ್ರಾಂತಿ ಎಳ್ಳು ತಿಂದು ಮಲಗೇತಿ. ಎಬ್ಬಸರಿ ಮೊದಲ.”

ಅಪ್ಪ ತಾಟು ಸರಿಸಿದ. “ಪಣಾ ಕಟ್ಟತಿ ಏನಲೇ? ಯಾರ ಕುದರಿಗೆ ರುಮಾಲು ಬರೂದಿಲ್ಲೋ, ಅವರು ಆ ಕುದರಿ ಇನ್ನೊಬ್ಬಗ ಬಿಟ್ಟುಕೊಡೂದು.”

“ಆತು.”

“ಊಟಾ ಮುಗಸ್ರಿ ಮೊದಲ,” ಎಂದಳು ಅವ್ವ. ಆದರೆ ಇಬ್ಬರೂ ಎಲೆ ಅಡಿಕೆ ಬದಲಾಯಿಸಿಕೊಂಡಾಗಿತ್ತು. ಎಲೆ ಅಡಿಕೆ ಹಿಡಿದು ಆಡಿದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮುರಿದದ್ದಿಲ್ಲ.

ಪ್ರತಿ ಶರ್ಯತ್ತಿನಿಂದ ಬಂದು ಅಪ್ಪ ಹೇಳಿದ್ದನ್ನು ನಾನು ವಹಿಯಲ್ಲಿ ಬರೆದಿಡುತ್ತಿದ್ದೆ. ಯಾವ ಊರು, ಮೊದಲ ಮೂರು ಗಾಡಿ, ಯಾರ ಕುದುರೆ. ‘ಯಾರ ಎತ್ತು’ ಎಂಬುದನ್ನು ನಾನೇ ಸೇರಿಸಿದ್ದೆ. ಯಾರೂ ಕೇಳಿರಲಿಲ್ಲ, ಆದರೆ ಅದಿಲ್ಲದಿದ್ದರೆ ಬರವಣಿಗೆ ಅರ್ಧವಾದಂತೆ ಅನ್ನಿಸಿತ್ತು. ಎರಡೂ ಕುದುರೆಗಳ ಗೆಲುವು ಸಮ ಆದದ್ದರಿಂದ ಹಿರಿಯರು ಆ ವಹಿಯನ್ನೂ ನನ್ನನ್ನೂ ಕರೆಸಿದರು.

“ಕುದರೀದ ಅಷ್ಟ ಓದು,” ಎಂದ ಅಪ್ಪ ಬಸ್ಸಿನಲ್ಲಿ. “ಎತ್ತಿಂದು ಕೇಳಿದ್ರ ಅಷ್ಟ ಹೇಳು.”

ಎಣ್ಣೆ ಗಿರಣಿಯ ಅಂಗಳದಲ್ಲಿ ಹಿರಿಯರು ಕೂತಿದ್ದರು. ಸುತ್ತ ನಲವತ್ತು ಐವತ್ತು ಮಂದಿ ಗಂಡಸರು. ಹೆಣ್ಣುಮಗಳು ನಾನೊಬ್ಬಳೇ. ನಾನು ನಮ್ಮ ನಾಲ್ಕು ಗೆಲುವು ಓದಿದ ಕೂಡಲೇ ಮಾಮಾ ಎದ್ದು ನಿಂತ.

“ಆ ನಾಕೂ ನನ್ನ ಎತ್ತಿನ ಗೆಲವು. ಇವರ ಕುದರಿ ಬಾಜೂಕ ಓಡಿ ಬಂದೈತಿ, ಅಷ್ಟ.”

“ಹಂಗಾದ್ರ ಎತ್ತಿಗೇ ಕಟ್ರಿ ರುಮಾಲು,” ಎಂದ ಹಿಂದಿನಿಂದ ಒಬ್ಬ. “ಕೋಡ ಅದಾವು, ಜಾರೂದಿಲ್ಲ.”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು ನನ್ನನ್ನು ಕೇಳಿದರು, “ಎತ್ತು ಯಾರದು ಅಂತ ಬರದಿ ಏನವಾ, ತಂಗಿ?”

ಇಲ್ಲ ಎನ್ನಬಹುದಿತ್ತು. ವಹಿ ನನ್ನ ಕೈಯಲ್ಲೇ ಇತ್ತು.

“ಬರದೇನ್ರಿ. ನಾಕೂ ಸಲ ಮಾಮಾಂದು.”

ಮಾಮಾ ಕೂತ. ಅಪ್ಪ ನನ್ನ ಕಡೆ ನೋಡಲಿಲ್ಲ.

“ಮುಂದ?”

“ಮುಂದಿನ ನಾಕು ಮಾಮಾನ ಕುದರೀರಿ.”

“ಎತ್ತು?”

“ಅದ ಎತ್ತರಿ.”

ಮಾಮಾ, “ಅದು ಬ್ಯಾರೆ ಮಾತು,” ಎಂದ.

“ಹೆಂಗ ಬ್ಯಾರೆ?” ಎಂದರು ಆ ಹಿರಿಯರು. “ದಾಜೀನ ಕುದರಿ ಬಾಜೂಕ ಓಡಿದ್ರ ಎತ್ತಿನ ಗೆಲವು, ನಿಂದು ಓಡಿದ್ರ ಕುದರೀದು? ನೀನ ಹೇಳಿದ ನ್ಯಾಯ ಇದು, ನೀನ ಉಣ್ಣು.”

ಒಂದು ತಾಸು ವಾದ ನಡೆಯಿತು. ಕೆಲವರು ಎಂಟೂ ಗೆಲುವು ಎತ್ತಿನದೇ ಎಂದರು. ಕೆಲವರು ನೊಗಕ್ಕೆ ಎರಡು ಕೊರಳು ಎಂದರು. ಕೊನೆಗೆ ಹಿರಿಯರು ವಹಿಯನ್ನು ಮತ್ತೆ ಓದಿಸಿದರು. ರಾಯಬಾಗದ ಒಂದು ಕುದುರೆ ಮೂರು ಸಲ ಮೊದಲು ಬಂದಿತ್ತು. ಮೂರು ಸಲವೂ ಬೇರೆ ಬೇರೆ ಎತ್ತಿನ ಜೊತೆ. ರುಮಾಲು ಅದಕ್ಕೆ ಹೋಯಿತು. ಅದರ ಯಜಮಾನ ಬಂದಿರಲೂ ಇಲ್ಲ. ಅವನ ಊರಿನವನೊಬ್ಬ ರುಮಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ನನಗೆ ಉಸಿರು ಬಂದಂತಾಯಿತು. ಇಬ್ಬರೂ ಗೆಲ್ಲಲಿಲ್ಲ ಎಂದರೆ ಪಣ ರದ್ದಾಯಿತು ಎಂದುಕೊಂಡೆ. ಹಿರಿಯರೂ ಹಾಗೇ ಹೇಳಿ ಮನೆಗೆ ಹೋಗಿರಿ ಎಂದರು.

“ರುಮಾಲು ಬರದವರು ಕುದರಿ ಬಿಡಬೇಕು ಅಂತ ಅಂದೇನಿ,” ಎಂದ ಅಪ್ಪ. “ನನಗ ಬಂದಿಲ್ಲ.”

“ನನಗೂ ಬಂದಿಲ್ಲ,” ಎಂದ ಮಾಮಾ.

ಎರಡು ದಿನ ಅವ್ವ ಸಮಾಧಾನ ಮಾಡಲು ನೋಡಿದಳು. ಬೇಡ ಎಂಬ ಮಾತು ಮೊದಲು ಅವನ ಬಾಯಿಂದ ಬರಲಿ ಎಂದ ಅಪ್ಪ. ಮಾಮಾ ಏಕಸಂಬಿಯಿಂದ ಅದೇ ಮಾತು ಹೇಳಿ ಕಳಿಸಿದ. ನನಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಅಪ್ಪ ಕುದುರೆ ಬಿಚ್ಚಿದ. ಏಕಸಂಬಿಯ ದಾರಿಯಲ್ಲಿ ನಾನು ಹಿಂದೆ ನಡೆದೆ. ಅರ್ಧ ದಾರಿಗೆ ಮೊದಲೇ ಮಾಮಾ ಕಂದು ಕುದುರೆ ಹಿಡಿದು ಎದುರಿಗೆ ಬಂದ. ಇಬ್ಬರೂ ನಿಂತರು. ಯಾರಾದರೂ ಒಬ್ಬರು ನಕ್ಕಿದ್ದರೆ ಎರಡೂ ಕುದುರೆ ತಮ್ಮ ತಮ್ಮ ಮನೆಗೆ ತಿರುಗುತ್ತಿದ್ದವು.

“ಈಕಿ ಗುಡುಗಿಗೆ ಅಂಜತಾಳ,” ಎಂದ ಅಪ್ಪ. “ಹೊರಗ ಕಟ್ಟಬ್ಯಾಡ.”

“ಇಂವ ಕಡೀತಾನ. ಹುಡುಗೀಗಿ ದೂರ ಇರಾಕ ಹೇಳ್ರಿ.”

ಹಗ್ಗಗಳು ಕೈ ಬದಲಾದವು. ಬಿಳಿ ಕುದುರೆ ತಡೆಯುತ್ತದೆ, ಹಟ ಮಾಡುತ್ತದೆ ಎಂದು ನಾನು ಕಾದೆ. ಅದು ಮಾಮಾನ ಅಂಗಿಯನ್ನು ಒಮ್ಮೆ ಮೂಸಿ ಅವನ ಹಿಂದೆ ಸಲೀಸಾಗಿ ನಡೆಯಿತು. ಆ ಅಂಗಿಗೆ ಹಳೆಯ ಜೋಡಿ ಎತ್ತಿನ ವಾಸನೆ ಇದ್ದಿರಬೇಕು.