ಹಿಂಬಾಗಿಲಕ್ಕ ಮತ್ತು ದಾರ ಕತ್ತರಿಸದ ಕೈಗವಸು

ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಆಹಾರದ ಪೊಟ್ಟಣಗಳ ಮೂಲೆಯಲ್ಲಿ ಒಂದು ಪುಟ್ಟ ಹಸಿರು ಮುದ್ರೆ ಇರುತ್ತದೆ. ಇದನ್ನು ಬೆಳೆಯಲು ಮಣ್ಣು ಕೆಡಿಸಲಿಲ್ಲ, ನೀರು ಪೋಲು ಮಾಡಲಿಲ್ಲ, ದುಡಿದವರನ್ನು ಹಿಂಡಲಿಲ್ಲ ಎಂದು ಕೊಳ್ಳುವವರಿಗೆ ಅದು ಕೊಡುವ ಮಾತು. ಆ ಮಾತು ಸುಳ್ಳಾಗದಂತೆ ಕಾಯುವುದರಲ್ಲೇ ಆಯುಷ್ಯದ ಬಹುಭಾಗವನ್ನು ತೇಯ್ದ ಹಿರಿಯ ತಪಾಸಣಾಧಿಕಾರಿಯೊಬ್ಬರು ಈಗ ನಿವೃತ್ತರಾಗುತ್ತಿದ್ದಾರೆ. ನಮ್ಮ ಪ್ರಮಾಣೀಕರಣ ಸಂಸ್ಥೆಯಲ್ಲಿ ಹೆಚ್ಚು ಓದಿದವರಿದ್ದಾರೆ, ಹೆಚ್ಚು ಮಾತಾಡುವವರಂತೂ ಹೆಜ್ಜೆಗೊಬ್ಬರು ಸಿಗುತ್ತಾರೆ. ಆದರೆ ತಾನಾಗಿ ಎದ್ದು ನಿಲ್ಲಬೇಕೆನಿಸುತ್ತಿದ್ದುದು ಅವರೊಬ್ಬರನ್ನು ಬಾಗಿಲಲ್ಲಿ ಕಂಡಾಗ ಮಾತ್ರ.

ಅವರಿಗೆ ‘ಹಿಂಬಾಗಿಲಕ್ಕ’ ಎಂಬ ಅಡ್ಡಹೆಸರು ಬಿದ್ದದ್ದು ಸೇವೆಯ ಮೊದಲ ವರ್ಷಗಳಲ್ಲೇ. ಹಿಂಬಾಗಿಲು ಎಂದರೆ ಲೋಕ ಮೂಗು ಮುರಿಯುತ್ತದೆ. ಅವರೋ ಅದನ್ನೇ ಮರ್ಯಾದೆಯ ದಾರಿ ಮಾಡಿಕೊಂಡರು. ತಪಾಸಣೆಗೆ ಹೋದ ಘಟಕದ ಮುಂಬಾಗಿಲಲ್ಲಿ ಮಾಲೀಕರು ಹೂಗುಚ್ಛ ಹಿಡಿದು ಕಾಯುತ್ತಿದ್ದರೆ, ಇವರು ಕಾರ್ಮಿಕರು ಬರುವ ಬಾಗಿಲಿನಿಂದ ಒಳಹೊಕ್ಕು, ಅವರ ನಲ್ಲಿಯಲ್ಲೇ ನೀರು ಕುಡಿದು, ಅವರ ಶೌಚಾಲಯದ ಚಿಲಕ ಹಾಕಿ ತೆಗೆದು ನೋಡಿರುತ್ತಿದ್ದರು. ಕಡತ ಬಿಡಿಸುತ್ತಿದ್ದುದು ಆಮೇಲೆ. ಮನೆಯಲ್ಲೂ ಇದೇ ಕಥೆ. “ಅಮ್ಮನ ಜೊತೆ ಅಂಗಡಿಗೆ ಹೋದ್ರೆ ಮುಗೀತು, ಒಂದು ಪೊಟ್ಟಣ ಹಿಡ್ಕೊಂಡು ಇದನ್ನ ಕಟ್ಟಿದೋರು ಊಟ ಮಾಡಿದ್ರೋ ಇಲ್ವೋ ಅಂತ ನಿಂತ್ಬಿಡ್ತಾರೆ” ಎಂದು ಅವರ ಮಗಳು ತಲೆ ಚಚ್ಚಿಕೊಳ್ಳುವುದುಂಟು.

ಬಟಾಣಿ ಘಟಕದ ಸಂಗತಿಯೊಂದನ್ನು ಹೇಳಿದರೆ ಸಾಕು, ಅವರು ಎಂಥವರೆಂದು ತಿಳಿಯುತ್ತದೆ. ಹೆಪ್ಪುಗಟ್ಟಿಸಿದ ಬಟಾಣಿಯನ್ನು ಆರಿಸಿ ಪೊಟ್ಟಣ ಕಟ್ಟುವ ಸಭಾಂಗಣದಷ್ಟು ದೊಡ್ಡದಾದ ತಣ್ಣನೆಯ ಕೋಣೆ, ಮೇಜಿನುದ್ದಕ್ಕೂ ಹೆಂಗಸರು. ಅಂದು ಮುದ್ರೆಯ ನವೀಕರಣಕ್ಕೆ ತಪಾಸಣೆ. ಎಲ್ಲರ ಕೈಯಲ್ಲೂ ದಪ್ಪನೆಯ ಹೊಸ ಕೈಗವಸು, ನೋಡಿದವರ ಕಣ್ಣು ತಂಪಾಗಬೇಕು. ಆದರೆ ಮೂಲೆಯ ಹೆಂಗಸೊಬ್ಬಳು ಬೇಡಿ ತೊಟ್ಟವಳಂತೆ ಎರಡೂ ಕೈಯನ್ನು ಒಟ್ಟಿಗೇ ಆಡಿಸುತ್ತಿದ್ದಳು. ಹತ್ತಿರ ಹೋದರೆ, ಜೋಡಿಯನ್ನು ಕೂಡಿಸಿ ಅಂಗಡಿಯವರು ಹೊಲಿದ ದಾರ ಹಾಗೇ ಇತ್ತು.

“ಯಾಕಮ್ಮಾ, ದಾರ ಕತ್ತರಿಸಬಾರದಾ?”

“ಅಯ್ಯೋ, ಬೇಡ ಅಕ್ಕ. ಕತ್ತರಿಸಿದ್ರೆ ಸಂಜೆ ಅಂಗಡಿಯೋರು ವಾಪಸ್ ತಗೊಳಲ್ವಂತೆ.”

ಪಕ್ಕದವಳು ಅವಳನ್ನು ಜೋರಾಗಿ ತಿವಿದಳು. ಅಷ್ಟರಲ್ಲಿ ಗುಟ್ಟು ರಟ್ಟಾಗಿತ್ತು. ಊಟದ ಹೊತ್ತಿಗೆ ಅದೇ ಹೆಂಗಸು ನಲ್ಲಿಯ ಬಳಿ ಅಕ್ಕನ ಸೆರಗು ಹಿಡಿದಳು. ಕೈಗವಸು ಕಳಚಿದ ಬೆರಳ ತುದಿಗಳು ಬಿಳಿಚಿ ಒಡೆದಿದ್ದವು. “ಮುದ್ರೆ ಕಿತ್ಕೋಬೇಡಿ ಅಕ್ಕ. ಮುದ್ರೆ ಹೋದ್ರೆ ಆರ್ಡರ್ ಹೋಗುತ್ತೆ, ಆರ್ಡರ್ ಹೋದ್ರೆ ಮೊದಲು ಮನೆಗೆ ಕಳ್ಸೋದು ನಮ್ಮನ್ನೇ.”

ಸಹಿ ಹಾಕಿದರೆ ಮುದ್ರೆ ಸುಳ್ಳಾಗುತ್ತದೆ. ಹಾಕದಿದ್ದರೆ ಯಾರ ಪರವಾಗಿ ಬಂದರೋ ಅವರ ಹೊಟ್ಟೆಯ ಮೇಲೇ ಹೊಡೆದಂತಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಂದು ಅವರು ಊಟದ ಡಬ್ಬಿಯ ಮುಚ್ಚಳವನ್ನೇ ತೆರೆಯಲಿಲ್ಲ.

ಮಾಲೀಕರ ಬಳಿ ಅವರು ಆಡಿದ್ದು ಒಂದೇ ಮಾತು: “ನೀರು ಉಳಿಸಿದ್ದೀರಿ, ಮಣ್ಣು ಉಳಿಸಿದ್ದೀರಿ, ಸಂತೋಷ. ಇವರ ಬೆರಳನ್ನೂ ಉಳಿಸಬೇಕಲ್ಲ?” ಮಾಲೀಕರು ಕೈಚೆಲ್ಲಿದರು, ಮಾಲು ಕೊಳ್ಳುವ ಅಂಗಡಿ ಸರಣಿಯವರು ವರ್ಷ ವರ್ಷವೂ ದರ ಇಳಿಸುತ್ತಿದ್ದಾರೆ, ಬಿಗಿ ಹಿಡಿಯಲು ಉಳಿದಿರುವುದು ಕೆಲಸದವರ ಉಡುಪಿನ ಖರ್ಚೊಂದೇ ಎಂದರು. ಅದು ನೆಪವೂ ಹೌದು, ನಿಜವೂ ಹೌದು. ಅಕ್ಕ ನವೀಕರಣವನ್ನು ತಡೆಹಿಡಿದು, ತಿದ್ದಿಕೊಳ್ಳಲು ಗಡುವು ಕೊಟ್ಟು, ಅಂಗಡಿ ಸರಣಿಯ ಖರೀದಿ ಅಧಿಕಾರಿಯನ್ನೇ ಕರೆಸಿದರು. ಬೇಗ ಸಹಿ ಮುಗಿಸಿ ಎಂದು ನಮ್ಮ ಕಚೇರಿಯ ಹಿರಿಯರಿಂದಲೇ ಒತ್ತಡ ಬಂತು. “ಹಾಗಾದ್ರೆ ಬೇರೆಯವರ ಕೈಲಿ ಹಾಕಿಸಿ, ಜೊತೆಗೆ ನನ್ನ ರಾಜೀನಾಮೆಗೂ ಒಂದು ಹಾಕಿಸ್ಕೊಳ್ಳಿ” ಎಂದರಂತೆ. ಆ ಕೆಲಸದ ಸಂಬಳದಲ್ಲೇ ಅವರ ಮನೆ ನಡೆಯುತ್ತಿತ್ತೆಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ.

ಖರೀದಿ ಅಧಿಕಾರಿ ತೆಳುವಾದ ಅಂಗಿಯಲ್ಲಿ ಬಂದಿಳಿದರು. ಅಕ್ಕ ಸಭೆಯ ಕುರ್ಚಿಗಳನ್ನು ಆ ತಣ್ಣನೆಯ ಕೋಣೆಯೊಳಗೇ ಹಾಕಿಸಿದ್ದರು. ತಾವೂ ಶಾಲು ಕಳಚಿ ಹೊರಗಿಟ್ಟು ಬಂದಿದ್ದರು. ಚಹಾ ತುಟಿಗೆ ತಾಕುವ ಮೊದಲೇ ಆರಿತು. ಸ್ವಲ್ಪ ಹೊತ್ತಿಗೆ ಅಧಿಕಾರಿಯ ಕೈಯಿಂದ ಪೆನ್ನು ಜಾರಿತು. ಹಲ್ಲು ಕಟಕಟ ಎಂದಿತು.

“ಮೇಡಂ, ಹೊರಗಡೆ ಮಾತಾಡೋಣ್ವಾ?”

“ಇವರ ಪಾಳಿ ಮುಗೀಲಿ ಸಾರ್, ಎಲ್ಲರೂ ಒಟ್ಟಿಗೇ ಹೋಗೋಣ.”

ಮೇಜಿನ ಕೊನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು; ಇಡೀ ಸಾಲು ತಲೆ ತಗ್ಗಿಸಿಕೊಂಡು ನಕ್ಕಿತು. ಒಂದೇ ದಿನಕ್ಕೆ ಎಲ್ಲ ಬದಲಾಯಿತೆಂದು ಬರೆದರೆ ಅಕ್ಕನೇ ನನ್ನ ಕಿವಿ ಹಿಂಡಿಯಾರು. ಪತ್ರ ವ್ಯವಹಾರದಲ್ಲೇ ಒಂದು ಬೆಳೆಯ ಕಾಲ ಕಳೆಯಿತು. ಆದರೆ ಕೊನೆಗೆ ಬೆಚ್ಚನೆಯ ಉಡುಪಿನ ಖರ್ಚು ಖರೀದಿ ದರದೊಳಗೇ ಸೇರಿತು, ಆರ್ಡರ್ ಉಳಿಯಿತು, ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ಎಲ್ಲ ಕಡೆಯೂ ಹೀಗೆ ಆಗಲಿಲ್ಲ. ಅವರು ಗಡುವು ಕೊಟ್ಟ ಮೀನಿನ ಘಟಕವೊಂದು ತಿದ್ದಿಕೊಳ್ಳುವ ಬದಲು ಬಾಗಿಲನ್ನೇ ಮುಚ್ಚಿತು. ಅಲ್ಲಿನ ಹೆಂಗಸರಿಗೆ ಬೇರೆಡೆ ಕೆಲಸ ಹುಡುಕುತ್ತಾ ಅವರು ರಜೆಗಳನ್ನೆಲ್ಲ ಸವೆಸಿದರು. ಆ ಘಟಕದ ಮಾತೆತ್ತಿದರೆ ಇಂದಿಗೂ ಅವರ ಮುಖ ಬಾಡುತ್ತದೆ.

ನಿವೃತ್ತಿಗೆ ಮುಂಚಿನ ಕೊನೆಯ ತಪಾಸಣೆಗೆ ಅವರು ಬಟಾಣಿ ಘಟಕವನ್ನೇ ಕೇಳಿ ಪಡೆದರು. ಎಂದಿನಂತೆ ಹಿಂಬಾಗಿಲು. ಗೋಡೆಯ ಗೂಟಗಳಲ್ಲಿ ಕೈಗವಸುಗಳು ತೂಗುತ್ತಿದ್ದವು: ಬಣ್ಣ ಮಾಸಿ, ತೇಪೆ ಹಾಕಿಸಿಕೊಂಡು, ಒಂದೊಂದೂ ತನ್ನ ಒಡತಿಯ ಕೈಯ ಆಕಾರಕ್ಕೇ ಬಾಗಿ. ಅಂದು ದಾರ ಕತ್ತರಿಸಲು ಹೆದರಿದ್ದವಳು ಈಗ ಮೇಲ್ವಿಚಾರಕಿ. ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತಳು.

“ಏನಕ್ಕ, ಇಂಥಾ ಗ್ಲೌಸ್ ಕೊಡೋದಾ? ನೋಡಿ, ಬೆರಳೆಲ್ಲ ಹರಿದೋಗಿದೆ. ಹೊಸದು ಕೊಡಿಸೋಕೆ ಬರೀರಿ, ಇಲ್ದಿದ್ರೆ ನಿಮ್ಮನ್ನ ಹೊರಗೆ ಬಿಡಲ್ಲ!”

ಸುಮ್ಮನೆ ತಿವಿಸಿಕೊಂಡಿದ್ದ ಆ ಹೆಣ್ಣು ಇಂದು ಗದರಿಸಿ ಕೇಳುತ್ತಿದ್ದಳು. ಅಕ್ಕ ಆ ಹರಿದ ಬೆರಳುಗಳನ್ನು ಕೈಯಲ್ಲಿ ಹಿಡಿದು ನಗಲು ಹೋದರು, ಕಣ್ಣು ತುಂಬಿ ಬಂತು.

ಅಕ್ಕ ನೂರ್ಕಾಲ ಬಾಳಲಿ. ಆದರೆ ವಿಶ್ರಾಂತಿಯ ಹೆಸರಿನಲ್ಲಿ ದಾರ ಕತ್ತರಿಸದ ಕೈಗವಸಿನಂತೆ ಕಪಾಟು ಸೇರುವುದು ಬೇಡ. ಬೆರಳು ಹರಿಯುವಷ್ಟು ಕೆಲಸ ಇನ್ನೂ ಬಹಳವಿದೆ. ನಮ್ಮ ಕಚೇರಿಗೂ ಒಂದು ಹಿಂಬಾಗಿಲಿದೆ. ನಾಳೆಯಿಂದ ಅದರ ಚಿಲಕ ಹಾಕುವುದಿಲ್ಲ.