ಕೆಲಸದವರ ಲಿಫ್ಟಿನಲ್ಲಿ

ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಕಲಿಸುತ್ತೇನೆ. ಮನೆಗೆಲಸದವರ ಬದುಕಿನ ಬಗ್ಗೆ ಬರೆಯಲು ಒಮ್ಮೆ ಮರಾಠಿ ನಾಡಿನ ಕೋಥರೂಡ್ ಬಡಾವಣೆಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಗೆ ಹೋಗಿದ್ದೆ. ನನ್ನ ಹಳೇ ಹತ್ತಿ ಸೀರೆ, ಬಟ್ಟೆಯ ಚೀಲ ನೋಡಿದ ವಾಚ್‌ಮನ್, "ಮಾವಶಿ, ಕೆಲಸದವರ ಲಿಫ್ಟ್ ಹಿಂದಿದೆ" ಎಂದು ಮರಾಠಿಯಲ್ಲಿ ಹೇಳಿ ಕೈ ತೋರಿಸಿದ. ಅಲ್ಲಿ ಮನೆಗೆಲಸದವರನ್ನು ಹಾಗೆ 'ಚಿಕ್ಕಮ್ಮ' ಎಂದೇ ಕರೆಯುವುದು.

ನನಗೆ ಮೈ ಉರಿಯಿತು. "ನಾನು ಕೆಲಸದವಳಲ್ಲ, ಪ್ರೊಫೆಸರ್" ಎಂದು ಕಾಲೇಜಿನ ಗುರುತಿನ ಚೀಟಿಯನ್ನೇ ತೆಗೆದು ಅವನ ಮುಖಕ್ಕೆ ಹಿಡಿದೆ. ಅವನು ಪೆಚ್ಚಾಗಿ ಮುಂಭಾಗದ ಲಿಫ್ಟಿನ ಬಾಗಿಲು ತೆರೆದ.

ನಾನು ಮಾತಾಡಿಸಬೇಕಿದ್ದ ಶಾಂತವ್ವ ಅಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ವಿಜಯಪುರದ ಕಡೆಯವಳು, ಅದೇ ಕಟ್ಟಡದ ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ನಾನು ದೊಡ್ಡತನ ತೋರಿಸುತ್ತ, "ನಡಿ, ನಿನ್ನ ಲಿಫ್ಟಿನಲ್ಲೇ ಹೋಗೋಣ" ಎಂದೆ.

ಲಿಫ್ಟ್ ಮೇಲೇರುವಾಗ ಅವಳು ಮೆಲ್ಲಗೆ ಕೇಳಿದಳು, "ಅಕ್ಕಾರ, ನಿಮಗ ಸಿಟ್ಟು ಬಂದಿದ್ದು ಎರಡು ಲಿಫ್ಟ್ ಅದಾವ ಅಂತೋ, ನಿಮ್ಮನ್ನ ನಮ್ಮ ಪೈಕಿ ಅಂತ ತಿಳಕೊಂಡ ಅಂತೋ?"

ಇನ್ನೂ ಕೈಯಲ್ಲೇ ಇದ್ದ ಗುರುತಿನ ಚೀಟಿಯನ್ನು ಚೀಲದ ತಳಕ್ಕೆ ತುರುಕಿದೆ, ಅಷ್ಟರಲ್ಲಿ ಆರನೇ ಮಹಡಿ ಬಂತು.

"ಇರ್ಲಿ ಬಿಡ್ರಿ" ಎಂದು ಅವಳೇ ನಕ್ಕಳು. "ನಿಮ್ಮ ಪ್ರಶ್ನೆ ಕೇಳ್ರಿ, ಕಾಯಿಪಲ್ಲೆ ಹೆಚ್ಚಿಕೋತ ಹೇಳ್ತೀನಿ."

ನಾನು ತಂದಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ, ಅವಳು ಸಮಾಧಾನದಿಂದ ಹೇಳಿದಳು. "ನಿಮ್ಮನ್ನು ಯಾರಾದರೂ ಕೀಳಾಗಿ ಕಂಡಿದ್ದಾರೆಯೇ?" ಎಂಬುದೊಂದನ್ನು ಮಾತ್ರ ಕೇಳಲಿಲ್ಲ. ಅದರ ಉತ್ತರವನ್ನು ನಾನೇ ಬರೆದುಕೊಂಡೆ, ನನ್ನದೇ ಹೆಸರಿನ ಸಮೇತ.